ಬಿಯರ್ ಹಬ್ಬಕ್ಕೆ ಹೋಗುವ ಮೊದಲು ಒಂದು ಬ್ರೂವರಿ ನೋಡಿ: ಉತ್ತರ ಕನ್ನಡದವರ ಮಾತುಕತೆ

ಕಾಳಿದಂಡೆ (ಕಾರವಾರ):

ಚಿಕ್ಕ ಪ್ರಮಾಣದಲ್ಲಿ ತಯಾರಾಗುವ ಕ್ರಾಫ್ಟ್ ಬಿಯರ್ ಬಗ್ಗೆ ಆಸಕ್ತಿ ಇರುವ ನಮ್ಮ ಜಿಲ್ಲೆಯವರು ಇಲ್ಲಿ ಸುಮಾರು ಜನ ಇದ್ದೀರಿ. ಹೆಚ್ಚಿನವರು ಶುರು ಮಾಡುವುದು ಬೆಂಗಳೂರಿನ ಯಾವುದೋ ಒಂದು ಬಿಯರ್ ಫೆಸ್ಟಿವಲ್‌ನಿಂದ. ಟಿಕೆಟ್ ತಗೊಂಡು, ಕೈಗೆ ಪಟ್ಟಿ ಕಟ್ಟಿಸಿಕೊಂಡು, ಹತ್ತಾರು ಸ್ಟಾಲ್ ಸುತ್ತಿ, ರಾತ್ರಿ ಬಸ್ಸಿಗೆ ವಾಪಸ್. ಯಾವುದು ಚೆನ್ನಾಗಿತ್ತು ಅಂತ ಮರುದಿನ ಕೇಳಿದರೆ ಹೇಳಲು ಬರುವುದಿಲ್ಲ. ಯಾಕೆ ಚೆನ್ನಾಗಿತ್ತು ಅಂತ ಕೇಳಿದರಂತೂ ಮಾತೇ ಇಲ್ಲ.

ನನ್ನ ಅಭಿಪ್ರಾಯ ಇಷ್ಟು. ಮೊದಲು ಒಂದು ಬ್ರೂವರಿಗೆ, ಅಂದರೆ ಬಿಯರ್ ತಯಾರಿಸುವ ಜಾಗಕ್ಕೆ ಹೋಗಿ. ಶನಿವಾರ ಸಂಜೆ ಬೇಡ, ವಾರದ ನಡುವೆ ಬೆಳಿಗ್ಗೆ ಹೋಗಿ. ಬ್ರೂ ಮಾಡುವ ದಿನ ಯಾವುದು ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿ ಅಂದರೆ ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಜಾಗ. ಹಾಗಾಗಿ ಟ್ಯಾಂಕ್‌ಗಳು ಕಣ್ಣೆದುರೇ ಇರುತ್ತವೆ. ಇಂದಿರಾನಗರದ ಟಾಯ್ಟ್ 2010ರಲ್ಲಿ ಶುರುವಾಯಿತು. 2012ರಲ್ಲಿ ಆರ್ಬರ್ ಮತ್ತು ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಬಂದವು. ಆಮೇಲೆ ಊರ ತುಂಬ ಆದವು. ಎಲ್ಲ ಕಡೆ ಒಳಗೆ ಬಿಡುತ್ತಾರೆ ಅಂತಲ್ಲ. ಆದರೆ ಜನ ಇಲ್ಲದ ಹೊತ್ತಿನಲ್ಲಿ ಹೋಗಿ, ನಿಜವಾದ ಆಸಕ್ತಿ ತೋರಿಸಿದರೆ ಬ್ರೂವರ್ ಖುಷಿಯಿಂದ ಮಾತಾಡುತ್ತಾರೆ.

ನಾನು ನೋಡಿದ ಒಂದು ಬೆಳಗಿನ ಬಗ್ಗೆ ಹೇಳುತ್ತೇನೆ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಪುಡಿ ಮಾಡಿ ಬಿಸಿನೀರಿಗೆ ಸುರಿದು ಸುಮಾರು 65 ಡಿಗ್ರಿಯಲ್ಲಿ ಒಂದು ತಾಸು ಇಡುತ್ತಾರೆ. ಮುಚ್ಚಳ ತೆಗೆದಾಗ ಇಡೀ ಕೋಣೆ ಆಲೆಮನೆಯ ಹಾಗೆ ಘಮ್ಮೆನ್ನುತ್ತದೆ. ಆ ಒಂದು ತಾಸಿನಲ್ಲಿ ಧಾನ್ಯದ ಹಿಟ್ಟಿನಂಶ ಸಕ್ಕರೆಯಾಗಿ ಬದಲಾಗುತ್ತದೆ. ಸೋಸಿದ ರಸವನ್ನು ಕುದಿಸುವ ಮೊದಲು ಒಂದು ಚಮಚ ಕೊಟ್ಟರು. ಬರೀ ಸಿಹಿ, ಕಹಿಯ ಸುಳಿವೇ ಇಲ್ಲ. ಆಮೇಲೆ ಅಂಗೈಗೆ ನಾಲ್ಕು ಹಾಪ್ಸ್ ಉಂಡೆ ಹಾಕಿದರು. ಹಾಪ್ಸ್ ಅಂದರೆ ಬಿಯರಿಗೆ ಕಹಿ, ಪರಿಮಳ ಕೊಡುವ ಒಂದು ಬಳ್ಳಿಯ ಹೂವು. ಕೋಳಿ ಆಹಾರದ ಗುಳಿಗೆ ತರಹದ ಹಸಿರು ಚೂರುಗಳು. ಎರಡೂ ಕೈಯಲ್ಲಿ ಉಜ್ಜಿ ಮೂಸಿದರೆ ಮೊದಲು ನಿಂಬೆಸಿಪ್ಪೆ, ಆಮೇಲೆ ಹಸಿ ಹುಲ್ಲು, ಕೊನೆಗೆ ಮೂಗಿನಲ್ಲಿ ಉಳಿಯುವ ಮರದಂಟಿನ ವಾಸನೆ. ನಾಲಿಗೆಗೆ ತಾಗಿಸಿದರೆ ಕಹಿ ಹೋಗುವುದೇ ಇಲ್ಲ. ಪಕ್ಕದಲ್ಲಿ ಮೂರು ಡಬ್ಬಿ ಮಾಲ್ಟ್ ಇತ್ತು. ತಿಳಿಬಣ್ಣದ್ದು ಅಗಿದರೆ ಸಿಹಿ. ಕಂದು ಬಣ್ಣದ್ದು ಬಿಸ್ಕತ್ತಿನ ರುಚಿ. ಕಪ್ಪು ಬಣ್ಣದ್ದು ಮಾತ್ರ ಕಾಫಿ ಬೀಜ ಅಗಿದ ಹಾಗೇ ಕಹಿ. ಸ್ಟೌಟ್ ಅನ್ನುವ ಬಿಯರ್ ಯಾಕೆ ಕಪ್ಪು, ಕಾಫಿ ಹಾಕದಿದ್ದರೂ ಅದಕ್ಕೆ ಕಾಫಿ ರುಚಿ ಎಲ್ಲಿಂದ ಬಂತು ಅಂತ ಅಲ್ಲಿ ಒಂದೇ ನಿಮಿಷಕ್ಕೆ ಗೊತ್ತಾಯಿತು.

ಇದಾದ ಮೇಲೆ ಹಬ್ಬಕ್ಕೆ ಹೋದರೆ ಪ್ರತಿ ಗುಟುಕಿನಲ್ಲೂ ಹುಡುಕಲು ಏನೋ ಇರುತ್ತದೆ. ಈ ರುಚಿ ಮಾಲ್ಟಿನದಾ, ಹಾಪ್ಸಿನದಾ, ಹುದುಗು ಬರಿಸುವ ಯೀಸ್ಟಿನದಾ ಅಂತ ನಾಲಿಗೆ ಕೇಳಲು ಶುರು ಮಾಡುತ್ತದೆ. ನಮಗೆ ಬೆಂಗಳೂರು 500 ಕಿ.ಮೀ. ದಾಟುತ್ತದೆ. ಅಷ್ಟು ದೂರ ಹೋಗುವವರು ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ ಅಂತ ನನ್ನ ಒತ್ತಾಯ. ನೀವೆಲ್ಲ ಏನಂತೀರಿ?

ಘಟ್ಟದಮೇಲೆ (ಶಿರಸಿ):

ಭಾವ, ಒಳ್ಳೆ ವಿಷಯ ತೆಗೆದಿದ್ದೀರಿ. ನಂದು ಎರಡು ಪ್ರಶ್ನೆ.

ಒಂದು, ನೀರು. ಬಿಯರಿನಲ್ಲಿ ಜಾಸ್ತಿ ಇರುವುದೇ ನೀರು ಅಲ್ವಾ? ನಮ್ಮ ಕಡೆ ಬಾವಿ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ. ಬೆಂಗಳೂರಲ್ಲಿ ತಂಗಿ ಮನೆಯ ಬೋರ್‌ವೆಲ್ ನೀರಿಗೆ ಪಾತ್ರೆಯೆಲ್ಲ ಬಿಳಿ ಕಟ್ಟುತ್ತದೆ. ಅಂಥ ನೀರಲ್ಲಿ ಅವರು ಹೇಗೆ ಮಾಡುತ್ತಾರೆ?

ಎರಡು, ಸೋಸಿದ ಮೇಲೆ ಉಳಿಯುವ ಆ ರಾಶಿ ಧಾನ್ಯ ಎಲ್ಲಿಗೆ ಹೋಗುತ್ತದೆ? ಕೊಟ್ಟಿಗೆಯಲ್ಲಿ ದನ ಇರುವವನಿಗೆ ಮೊದಲು ಬರುವ ಯೋಚನೆ ಅದೇ.

ಅಂಕೋಲಾದವಳು (ಬೆಂಗಳೂರು):

ಕಾಳಿದಂಡೆ ಅಣ್ಣ, ನೀವು ಹೇಳಿದ್ದನ್ನು ಅರ್ಧ ಒಪ್ಪುತ್ತೇನೆ. ಇನ್ನರ್ಧ ಇಲ್ಲ.

ಒಂದು ಬ್ರೂವರಿಯಲ್ಲಿ ಸಿಗುವುದು ಆರೋ ಎಂಟೋ ಬಿಯರ್. ಎಲ್ಲ ಒಬ್ಬರ ಕೈರುಚಿ. ಅದನ್ನೇ ನೋಡಿ "ವೀಟ್ ಬಿಯರ್ (ಗೋಧಿಯದು) ಅಂದರೆ ಹೀಗೇ" ಅಂತ ತಲೆಯಲ್ಲಿ ಕೂತುಬಿಡುತ್ತದೆ. ಹಬ್ಬದಲ್ಲಿ ಅದೇ ವೀಟ್ ಬಿಯರ್ ಅನ್ನು ನಾಲ್ಕು ಬ್ರೂವರಿಯವರು ಮಾಡಿದ್ದು ಪಕ್ಕಪಕ್ಕ ಸಿಗುತ್ತದೆ. ಜರ್ಮನಿಯ ಬಗೆಯದಕ್ಕೆ ಬಾಳೆಹಣ್ಣು, ಲವಂಗದ ಪರಿಮಳ. ಅದು ಹಣ್ಣು ಹಾಕಿದ್ದಲ್ಲ, ಯೀಸ್ಟ್ ಕೊಟ್ಟಿದ್ದು. ಬೆಲ್ಜಿಯಂ ಬಗೆಯದಕ್ಕೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ನಿಜವಾಗಿ ಹಾಕಿರುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ಮೂಸಿದಾಗಲೇ ವ್ಯತ್ಯಾಸ ಮನಸ್ಸಿಗೆ ಇಳಿಯುವುದು. ಅದಕ್ಕೆ ಹಬ್ಬದಷ್ಟು ಒಳ್ಳೆ ಜಾಗ ಇಲ್ಲ.

ಆದರೆ ಹೋಗುವ ರೀತಿ ಮುಖ್ಯ. ಗೇಟು ತೆರೆಯುವ ಹೊತ್ತಿಗೇ ಹೋಗಿ. ಮೊದಲ ಒಂದೂವರೆ ತಾಸು ಸ್ಟಾಲ್‌ನಲ್ಲಿ ಬ್ರೂವರೇ ನಿಂತಿರುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಸಂಜೆ ಏಳರ ಮೇಲೆ ಸ್ಪೀಕರ್ ಜೋರಾಗುತ್ತದೆ, ಆಗ ಯಾರ ಮಾತೂ ಕೇಳಿಸುವುದಿಲ್ಲ. ಚಿಕ್ಕ ಗ್ಲಾಸ್ ಮಾತ್ರ ತಗೊಳ್ಳಿ. ಅಮೆರಿಕದ ಡೆನ್ವರ್‌ನಲ್ಲಿ ನಡೆಯುವ ದೊಡ್ಡ ಹಬ್ಬದಲ್ಲಿ ಒಂದು ಸಲಕ್ಕೆ ಒಂದೇ ಔನ್ಸ್, ಅಂದರೆ 30 ಮಿ.ಲೀ. ಸುರಿಯುತ್ತಾರೆ. 1982ರಿಂದ ನಡೆಯುತ್ತಿರುವ ಹಬ್ಬ ಅದು. ಬ್ರಿಟನ್ನಿನ ಹಬ್ಬದಲ್ಲಿ ಪೈಂಟಿನ ಮೂರನೇ ಒಂದು ಭಾಗ, ಅಂದರೆ ಸುಮಾರು 190 ಮಿ.ಲೀ. ಕೇಳಬಹುದು. ನಮ್ಮಲ್ಲಿ ಇನ್ನೂ ಕೆಲವು ಕಡೆ ದೊಡ್ಡ ಮಗ್ ಹಿಡಿಸಿ ಕಳಿಸುತ್ತಾರೆ. ಅದು ರುಚಿ ನೋಡುವ ದಾರಿಯೇ ಅಲ್ಲ.

ಹೆಣ್ಣುಮಕ್ಕಳ ಕಡೆಯಿಂದ ಒಂದು ಮಾತು. ನಾನು ಹೋಗಿದ್ದ ಒಂದು ಹಬ್ಬದಲ್ಲಿ ಅಷ್ಟು ಜನಕ್ಕೆ ಹೆಂಗಸರ ಟಾಯ್ಲೆಟ್ ಎರಡೇ ಇತ್ತು, ಕುಡಿಯುವ ನೀರಿಗೆ ಬಾಟಲಿ ಕೊಳ್ಳಬೇಕಿತ್ತು, ಬಿಸಿಲಿಗೆ ನೆರಳೇ ಇರಲಿಲ್ಲ. ಟಿಕೆಟ್ ಕೊಳ್ಳುವ ಮೊದಲೇ ಇದನ್ನೆಲ್ಲ ಕೇಳಿ. ಉತ್ತರ ಕೊಡದ ಆಯೋಜಕರ ಹಬ್ಬಕ್ಕೆ ಹೋಗಬೇಡಿ. ಈ ವಿಷಯದಲ್ಲಿ ಬ್ರೂವರಿಯೇ ಮೇಲು, ಅದನ್ನು ಒಪ್ಪುತ್ತೇನೆ. ಮಧ್ಯಾಹ್ನದ ಹೊತ್ತು ಅಮ್ಮನನ್ನೂ ಕರೆದುಕೊಂಡು ಹೋಗಿದ್ದೇನೆ. ಅವರು ನಿಂಬೆ ಸೋಡಾ ಕುಡಿದು, ಟ್ಯಾಂಕ್‌ಗಳನ್ನು ನೋಡಿ, ನನಗಿಂತ ಜಾಸ್ತಿ ಪ್ರಶ್ನೆ ಕೇಳಿದರು.

ಮಾಲ್ಟ್‌ಮನೆ (ಕುಮಟಾ, ಈಗ ಬೆಂಗಳೂರು):

ನಾನು ಇಲ್ಲಿಯ ಒಂದು ಮೈಕ್ರೋಬ್ರೂವರಿಯಲ್ಲಿ ಕೆಲಸ ಮಾಡುತ್ತೇನೆ. ಹೆಸರು ಬೇಡ. ಇಬ್ಬರಿಗೂ ಉತ್ತರ ಕೊಡುತ್ತೇನೆ.

ಘಟ್ಟದಮೇಲೆ ಅವರೇ, ನೀರಿನ ಪ್ರಶ್ನೆ ಕೇಳಿದ್ದು ಬಹಳ ಸಂತೋಷ. ಬಿಯರಿನ ಚರಿತ್ರೆಯಲ್ಲಿ ಊರ ನೀರೇ ಊರ ಬಿಯರನ್ನು ತೀರ್ಮಾನ ಮಾಡಿದೆ. ಚೆಕ್ ದೇಶದ ಪಿಲ್ಸೆನ್ ಊರಿನ ನೀರು ತುಂಬ ಮೃದು. ಅದಕ್ಕೇ ಅಲ್ಲಿ ತಿಳಿಯಾದ, ನಯವಾದ ಪಿಲ್ಸ್ನರ್ ಅನ್ನುವ ಬಿಯರ್ ಹುಟ್ಟಿತು. ಇಂಗ್ಲೆಂಡಿನ ಬರ್ಟನ್ ಊರಿನ ನೀರಿನಲ್ಲಿ ಜಿಪ್ಸಮ್ ಜಾಸ್ತಿ. ಅದು ಹಾಪ್ಸಿನ ಕಹಿಯನ್ನು ಚುರುಕಾಗಿ ತೋರಿಸುತ್ತದೆ. ಅಲ್ಲಿಯ ಕಹಿ ಏಲ್‌ಗಳು (ಬೆಚ್ಚಗೆ, ಬೇಗ ಹುದುಗುವ ಬಗೆಯ ಬಿಯರ್) ಅದಕ್ಕೇ ಹೆಸರಾದವು. ಬೆಂಗಳೂರಿನಲ್ಲಿ ನಾವು ನೀರನ್ನು ಆರ್‌ಓ ಮಾಡಿ, ಅಂದರೆ ಇದ್ದ ಲವಣ ಸೋಸಿ ತೆಗೆದು, ಆಮೇಲೆ ಬೇಕಾದ ಲವಣ ಅಳೆದು ಹಾಕುತ್ತೇವೆ. ಶಿರಸಿಯ ಜಂಬಿಟ್ಟಿಗೆ ನೆಲದ ಬಾವಿ ನೀರು ಸಾಮಾನ್ಯವಾಗಿ ಮೃದು. ಒಳ್ಳೆ ಪಿಲ್ಸ್ನರ್ ಮಾಡಲು ಹೇಳಿಮಾಡಿಸಿದ ನೀರು ಅಂತ ರಜೆಯಲ್ಲಿ ಊರಿಗೆ ಬಂದಾಗೆಲ್ಲ ಅನಿಸುತ್ತದೆ.

ಉಳಿದ ಧಾನ್ಯ ದನಕ್ಕೇ ಹೋಗುತ್ತದೆ. ಸುತ್ತಲಿನ ಹೈನುಗಾರರು ಬಂದು ಡ್ರಮ್ಮಿನಲ್ಲಿ ತುಂಬಿಕೊಂಡು ಹೋಗುತ್ತಾರೆ. ಸಕ್ಕರೆ ಹೋಗಿರುತ್ತದೆ, ಪ್ರೋಟೀನು ಮತ್ತು ನಾರು ಉಳಿದಿರುತ್ತದೆ. ಆದರೆ ಒದ್ದೆ ಇರುವುದರಿಂದ ಬೇಗ ಹುಳಿ ಬರುತ್ತದೆ. ಅವತ್ತಿಂದು ಅವತ್ತೇ ಸಾಗಿಸಬೇಕು. ಬ್ರೂವರಿ ನೋಡಲು ಹೋದವರು ಇದನ್ನೂ ಕೇಳಿ. ಆ ಡ್ರಮ್ಮುಗಳು ಸ್ವಚ್ಛವಾಗಿದ್ದರೆ ಒಳಗಿನ ಕೆಲಸವೂ ಸ್ವಚ್ಛ ಅಂತ ಧೈರ್ಯವಾಗಿ ನಂಬಬಹುದು. ನಮ್ಮ ಕೆಲಸದಲ್ಲಿ ಬಿಯರ್ ಮಾಡುವುದಕ್ಕಿಂತ ತೊಳೆಯುವುದೇ ಜಾಸ್ತಿ. ಟ್ಯಾಂಕ್, ಪೈಪ್, ನಲ್ಲಿ, ಎಲ್ಲ ಕಾಸ್ಟಿಕ್ ಸೋಡಾ ಹಾಕಿ ತೊಳೆದು, ಆಮೇಲೆ ಕ್ರಿಮಿ ಸಾಯಿಸಲು ಇನ್ನೊಂದು ಸುತ್ತು.

ಅಂಕೋಲಾದವಳು ಅಕ್ಕ ಹೇಳಿದ್ದು ಸರಿ, ಅಕ್ಕಪಕ್ಕ ಇಟ್ಟು ನೋಡದೆ ನಾಲಿಗೆ ಪಳಗುವುದಿಲ್ಲ. ಆದರೆ ಹಬ್ಬದಲ್ಲಿ ಒಂದು ಕಷ್ಟ ಇದೆ. ಬಿಯರ್ ಪ್ರಯಾಣ ಮಾಡಿರುತ್ತದೆ, ಬಿಸಿಲಲ್ಲಿ ನಿಂತಿರುತ್ತದೆ, ತಾತ್ಕಾಲಿಕ ಪೈಪಿನಲ್ಲಿ ಹರಿದಿರುತ್ತದೆ. ಅಲ್ಲಿ ದೋಷ ಕಂಡರೆ ಬ್ರೂವರ್‌ದೋ ಪೈಪಿನದೋ ಹೇಳುವುದು ಕಷ್ಟ. ಟ್ಯಾಂಕಿನ ಪಕ್ಕ ನಿಂತು ಕುಡಿದರೆ ಆ ಅನುಮಾನ ಇಲ್ಲ.

ದೋಷ ಗುರುತಿಸುವುದನ್ನು ಎಲ್ಲರೂ ಕಲಿಯಬೇಕು. ಲಾಗರಿನಲ್ಲಿ (ತಂಪಿನಲ್ಲಿ ನಿಧಾನವಾಗಿ ಹುದುಗುವ ಬಗೆ) ಬೆಣ್ಣೆಯ ಜಿಡ್ಡು ವಾಸನೆ ಬಂದರೆ ಯೀಸ್ಟಿಗೆ ಕೆಲಸ ಮುಗಿಸಲು ಸಮಯ ಕೊಟ್ಟಿಲ್ಲ ಅಂತ ಅರ್ಥ. ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ ಕುದಿ ಸಾಲದು. ಹಸಿ ಸೇಬಿನ ವಾಸನೆ ಇದ್ದರೆ ಇನ್ನೂ ಎಳೆಯದು. ಒದ್ದೆ ರಟ್ಟಿನ ರುಚಿ ಇದ್ದರೆ ಗಾಳಿ ಸೇರಿ ಹಳತಾಗಿದೆ. ವಿನೆಗರ್ ರುಚಿ, ಅದೂ ಹುಳಿ ಬಿಯರ್ ಅಲ್ಲದ್ದರಲ್ಲಿ ಬಂದರೆ, ಪೈಪ್ ತೊಳೆದಿಲ್ಲ. ಇಷ್ಟು ಗೊತ್ತಿದ್ದವರು ಗ್ಲಾಸ್ ವಾಪಸ್ ಕೊಟ್ಟರೆ ನಮಗೆ ಬೇಸರ ಇಲ್ಲ. ಸುಮ್ನೆ ಕುಡಿದು ಹೋಗಿ ಆಮೇಲೆ ಬೈಯುವುದಕ್ಕಿಂತ ಅದೇ ಒಳ್ಳೆಯದು.

ಇನ್ನೊಂದು, ಬ್ರೂವರನ್ನು "ಸ್ಟ್ರಾಂಗ್ ಯಾವುದು" ಅಂತ ಕೇಳಬೇಡಿ. "ಇವತ್ತು ಟ್ಯಾಂಕಿನಲ್ಲಿ ಏನಿದೆ, ಎಷ್ಟನೇ ದಿನ" ಅಂತ ಕೇಳಿ. ಏಲ್ ಆದರೆ 18ರಿಂದ 22 ಡಿಗ್ರಿಯಲ್ಲಿ ಬೇಗ ಹುದುಗುತ್ತದೆ, ಎರಡು ಮೂರು ವಾರಕ್ಕೆ ಗ್ಲಾಸಿಗೆ ಬರುತ್ತದೆ. ಲಾಗರ್ 8ರಿಂದ 12 ಡಿಗ್ರಿ ತಂಪಿನಲ್ಲಿ ನಿಧಾನ, ಆಮೇಲೂ ವಾರಗಟ್ಟಲೆ ತಣ್ಣಗೆ ಮಲಗಬೇಕು. ಒಂದು ಟ್ಯಾಂಕ್ ಅಷ್ಟು ದಿನ ಹಿಡಿದಿಡುವುದು ಚಿಕ್ಕ ಬ್ರೂವರಿಗೆ ದುಬಾರಿ. ಹಾಗಿದ್ದೂ ಒಬ್ಬರು ಒಳ್ಳೆ ಲಾಗರ್ ಮಾಡುತ್ತಿದ್ದಾರೆ ಅಂದರೆ ಅವರಿಗೆ ಕೆಲಸದ ಮೇಲೆ ಪ್ರೀತಿ ಇದೆ.

ಹಡಗಿನವ (ಕಾರವಾರ, ಕೋಡಿಬಾಗ):

ಮರ್ಚೆಂಟ್ ನೇವಿಯಲ್ಲಿ ಇದ್ದುದರಿಂದ ಆಂಟ್ವೆರ್ಪ್ ಬಂದರಿಗೆ ಹೋಗುವುದಾಗುತ್ತಿತ್ತು. ಬೆಲ್ಜಿಯಂನ ಬ್ರೂವರಿಗಳ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ಬರೆಯುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಆಂಟ್ವೆರ್ಪ್ ಹತ್ತಿರ ವೆಸ್ಟ್‌ಮಾಲೆ ಅಂತ ಒಂದು ಮಠ ಇದೆ. ಕ್ರೈಸ್ತ ಸನ್ಯಾಸಿಗಳ ಮಠ, ಅದರ ಆವರಣದಲ್ಲೇ ಬಿಯರ್ ತಯಾರಾಗುತ್ತದೆ. ಬ್ರೂವರಿಯ ಒಳಗೆ ಹೊರಗಿನವರನ್ನು ಬಿಡುವುದಿಲ್ಲ. ರಸ್ತೆಯ ಆಚೆ ಬದಿಯ ಕೆಫೆಯಲ್ಲಿ ಕೂತು ಕುಡಿಯಬೇಕು. ಬ್ರೂವರಿ ನೋಡಲೇಬೇಕು ಅನ್ನುವವರಿಗೆ ಇದು ನಿರಾಸೆ. ನನಗೆ ಹಾಗನಿಸಲಿಲ್ಲ. ಅವರವರ ಜಾಗಕ್ಕೆ ಅವರವರ ಮರ್ಯಾದೆ ಇರುತ್ತದೆ. ನಮ್ಮ ಎಷ್ಟೋ ದೇವಸ್ಥಾನದ ಅಡುಗೆಮನೆಗೂ ಎಲ್ಲರನ್ನು ಬಿಡುವುದಿಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿದ್ದು ಬ್ರಸೆಲ್ಸ್‌ನ ಕ್ಯಾಂಟಿಯೋನ್. 1900ರಲ್ಲಿ ಶುರುವಾದ ಮನೆತನದ ಬ್ರೂವರಿ. ದೊಡ್ಡ ರೈಲ್ವೆ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಟಿಕೆಟ್ ತಗೊಂಡರೆ ಒಳಗೆಲ್ಲ ನೋಡಬಹುದು, ಕೊನೆಯಲ್ಲಿ ರುಚಿಗೆ ಕೊಡುತ್ತಾರೆ. ಅಲ್ಲಿ ಮಾಡುವುದು ಲ್ಯಾಂಬಿಕ್. ಕುದಿಸಿದ ರಸವನ್ನು ಅಟ್ಟದ ಮೇಲೆ ಅಗಲವಾದ ತಾಮ್ರದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ. ಯೀಸ್ಟ್ ಹಾಕುವುದೇ ಇಲ್ಲ. ಗಾಳಿಯಲ್ಲಿ, ಗೋಡೆಯಲ್ಲಿ, ಮರದ ಪೀಪಾಯಿಯಲ್ಲಿ ಇರುವ ಜೀವಿಗಳೇ ಹುದುಗು ಹಿಡಿಸುತ್ತವೆ. ಬೇಸಿಗೆಯಲ್ಲಿ ಕೆಟ್ಟ ಜೀವಿಗಳು ಸೇರುತ್ತವೆ ಅಂತ ತಂಪು ತಿಂಗಳಲ್ಲಿ ಮಾತ್ರ ಮಾಡುತ್ತಾರೆ. ಆಮೇಲೆ ಪೀಪಾಯಿಯಲ್ಲಿ ವರ್ಷಗಟ್ಟಲೆ. ಒಂದು, ಎರಡು, ಮೂರು ವರ್ಷದ್ದನ್ನು ಬೆರೆಸಿ ಬಾಟಲಿಗೆ ತುಂಬಿದರೆ ಅದು ಗೂಜ್. ಕುಡಿದರೆ ಹುಳಿ, ಸಿಹಿಯೇ ಇಲ್ಲದ ಒಣ ರುಚಿ, ಹಿಂದೆ ಕೊಟ್ಟಿಗೆಯ ಹುಲ್ಲಿನ ವಾಸನೆ.

ನನ್ನ ಜೊತೆ ಬಂದ ಉತ್ತರದ ಹುಡುಗನಿಗೆ ಒಂದು ಗುಟುಕೂ ಸೇರಲಿಲ್ಲ. ನನಗೆ ಮೊದಲ ಗುಟುಕಿಗೇ ಪರಿಚಯದ ರುಚಿ ಅನಿಸಿತು. ನಮ್ಮ ಅಜ್ಜನ ಕಾಲದಲ್ಲಿ ತೆಂಗಿನ ಮರದಿಂದ ಕಳ್ಳು ಇಳಿಸುತ್ತಿದ್ದರು. ಅದಕ್ಕೂ ಯಾರೂ ಯೀಸ್ಟ್ ಹಾಕುವುದಿಲ್ಲ. ಮಡಕೆಯಲ್ಲೇ ಹುದುಗು ಶುರು. ಬೆಳಿಗ್ಗೆ ಸಿಹಿ, ಮಧ್ಯಾಹ್ನಕ್ಕೆ ಹುಳಿ, ಬಿಟ್ಟರೆ ವಿನೆಗರ್. ಮಡಕೆಯ ಒಳಗೆ ಸುಣ್ಣ ಬಳಿದರೆ ಹುದುಗು ನಿಲ್ಲುತ್ತದೆ, ಸಿಹಿ ನೀರಾ ಸಿಗುತ್ತದೆ. ಗಾಳಿಯ ಯೀಸ್ಟನ್ನು ಹಿಡಿಯುವುದು, ಬೇಡವಾದಾಗ ತಡೆಯುವುದು ಎರಡೂ ನಮ್ಮ ಹಿರಿಯರಿಗೆ ಗೊತ್ತಿತ್ತು. ಕ್ಯಾಂಟಿಯೋನ್‌ನಲ್ಲಿ ಆ ಹಳೆ ಅಟ್ಟದ ಜೇಡರಬಲೆಯನ್ನೂ ತೆಗೆಯದೆ ಕಾಪಾಡಿಕೊಂಡಿದ್ದಾರೆ. ಅದನ್ನು ನೋಡಲು ಲೋಕದ ಎಲ್ಲ ಕಡೆಯಿಂದ ಜನ ಬರುತ್ತಾರೆ. ನಮ್ಮ ಕರಾವಳಿಯ ಕಳ್ಳಿನ ಜ್ಞಾನವನ್ನು ಬರೆದಿಡುವವರಾದರೂ ಯಾರಾದರೂ ಇದ್ದಾರಾ?

ಅದಕ್ಕೇ ನಾನೂ ಕಾಳಿದಂಡೆ ಕಡೆ. ಹಬ್ಬದಲ್ಲಿ ಗೂಜ್ ಕೊಟ್ಟಿದ್ದರೆ ಹುಳಿ ಅಂತ ಚೆಲ್ಲಿಬಿಡುತ್ತಿದ್ದೆ. ಆ ಅಟ್ಟ ನೋಡಿದ್ದಕ್ಕೇ ಕುಡಿದು ಅರ್ಥ ಮಾಡಿಕೊಂಡೆ.

ನಿವೃತ್ತ ಮಾಸ್ತರ (ಹೊನ್ನಾವರ):

ಎಲ್ಲ ಓದಿದೆ. ಕಲಿಯುವ ಉತ್ಸಾಹ ಕಂಡು ಸಂತೋಷವಾಯಿತು. ಆದರೂ ಒಂದು ಮಾತು ಹೇಳದೆ ಇರಲಾರೆ.

ಇದೇ ಜಿಲ್ಲೆಯಲ್ಲಿ ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ ಬದುಕಿದ್ದರು. ಹಾಲಕ್ಕಿ ಒಕ್ಕಲಿಗರ ಹಾಡುಗಳ ಖಜಾನೆ. 2017ರಲ್ಲಿ ಪದ್ಮಶ್ರೀ ಬಂತು. ಹಾಡಿನಷ್ಟೇ ದೊಡ್ಡ ಕೆಲಸ ಅವರು ಸಾರಾಯಿಯ ವಿರುದ್ಧ ಮಾಡಿದ್ದು. ಹೆಂಗಸರನ್ನು ಕಟ್ಟಿಕೊಂಡು ಬೀದಿಗಿಳಿದರು. 2025ರಲ್ಲಿ ತೀರಿಕೊಂಡರು. ರಾಜ್ಯದಲ್ಲಿ ಸಾರಾಯಿ ನಿಂತಿದ್ದು 2007ರಲ್ಲಿ. ನಾನು ಪಾಠ ಮಾಡಿದ ಎಷ್ಟೋ ಮಕ್ಕಳ ಮನೆಯಲ್ಲಿ ಸಂಜೆ ಒಲೆ ಉರಿಯುತ್ತಿರಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು.

2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಮದ್ಯಕ್ಕೆ ಸುರಕ್ಷಿತ ಪ್ರಮಾಣ ಅಂತ ಒಂದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ನೀವು ರುಚಿ, ಕುಶಲಕಲೆ ಅನ್ನುತ್ತೀರಿ. ಅದು ಸುಳ್ಳಲ್ಲ. ಆದರೆ ಇದನ್ನು ಓದುವ ಹುಡುಗರು ರುಚಿಯ ಭಾಗ ಬಿಟ್ಟು ಉಳಿದಿದ್ದನ್ನು ಹಿಡಿದರೆ ಏನು ಮಾಡುತ್ತೀರಿ?

ಕಾಳಿದಂಡೆ:

ಮಾಸ್ತರ್ರೆ, ನಮಸ್ಕಾರ. ನೀವು ಬರೆದಿದ್ದು ಇಲ್ಲಿ ಇರಲೇಬೇಕಿತ್ತು. ಸುಕ್ರಜ್ಜಿಯ ಹೋರಾಟ ನೋಡಿ ಬೆಳೆದ ಊರಿನವರು ನಾವು.

ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ನಾನು ಪಾಲಿಸುವುದನ್ನು ಹೇಳುತ್ತೇನೆ. ಕುಡಿಯದವರನ್ನು ಒಂದು ಸಲ ನೋಡು ಅಂತ ಯಾವತ್ತೂ ಕರೆಯುವುದಿಲ್ಲ. ಮನೆಯಲ್ಲಿ ಕುಡಿತದಿಂದ ನೊಂದವರ ಎದುರು ಈ ಸುದ್ದಿ ಎತ್ತುವುದಿಲ್ಲ. ಒಂದು ಭೇಟಿಯಲ್ಲಿ ನಾಲ್ಕು ಚಿಕ್ಕ ಗ್ಲಾಸ್ ಹಂಚಿಕೊಂಡು ಅಲ್ಲಿಗೆ ನಿಲ್ಲಿಸುತ್ತೇವೆ. ಅದಕ್ಕಿಂತ ಮೇಲೆ ನಾಲಿಗೆಗೂ ಏನೂ ತಿಳಿಯುವುದಿಲ್ಲ. ನಾನು ಮೇಲೆ ಬರೆದ ಆ ಬೆಳಗಿನಲ್ಲಿ ಮಾಲ್ಟ್ ಅಗಿದಿದ್ದು, ಹಾಪ್ಸ್ ಮೂಸಿದ್ದು, ಸಿಹಿ ರಸ ಕುಡಿದಿದ್ದು, ಯಾವುದರಲ್ಲೂ ಮದ್ಯ ಇರಲಿಲ್ಲ. ಕಲಿತಿದ್ದು ಅಲ್ಲೇ ಜಾಸ್ತಿ.

ಗಡಿಯಂಚು (ಮಾಜಾಳಿ):

ಎಲ್ಲರೂ ಬೆಂಗಳೂರು, ಬೆಲ್ಜಿಯಂ ಅಂತೀರಿ. ಕಾರವಾರದವರಿಗೆ ಗೋವಾ ಪಕ್ಕದಲ್ಲೇ ಇದೆ ಮಾರಾಯ್ರೆ. ಸಾಂಗೋಲ್ಡಾದ ಗೋವಾ ಬ್ರೂಯಿಂಗ್ ಕಂಪನಿಯವರ ಏಟ್ ಫಿಂಗರ್ ಎಡ್ಡಿ ಐಪಿಎ (ಹಾಪ್ಸ್ ಜಾಸ್ತಿ ಹಾಕಿದ ಕಹಿ ಏಲ್) ಕುಡಿದೇ ನನಗೆ ಹಾಪ್ಸ್ ಅಂದರೆ ಏನು ಅಂತ ಗೊತ್ತಾಗಿದ್ದು. ಆರ್ಬರ್‌ನವರೂ ಗೋವಾದಲ್ಲಿ ಕ್ಯಾನ್ ತುಂಬುತ್ತಾರೆ. ಆದರೆ ಕ್ಯಾನ್, ಬಾಟಲಿ ತುಂಬುವ ಘಟಕಕ್ಕೆ ಹೇಳದೆ ಕೇಳದೆ ಹೋಗಬೇಡಿ. ಮೊದಲೇ ಫೋನ್ ಮಾಡಿ.

ಕಾರು, ಬೈಕು ಬೇಡ. ಕಾರವಾರದಿಂದ ಮಡಗಾಂವಿಗೆ ರೈಲು ಇದೆ. ಉತ್ತರ ಗೋವಾಕ್ಕಾದರೆ ಕರ್ಮಳಿ ಇಲ್ಲ ಥಿವಿಯಲ್ಲಿ ಇಳಿಯಿರಿ. ರಕ್ತದಲ್ಲಿ 100 ಮಿ.ಲೀ.ಗೆ 30 ಮಿ.ಗ್ರಾಂ. ದಾಟಿದರೆ ಕೇಸು, ಮೊದಲ ಸಲಕ್ಕೇ 10,000 ರೂಪಾಯಿ ದಂಡ ಇಲ್ಲ ಜೈಲು, ಎರಡೂ ಆಗಬಹುದು. ಕಾನೂನಿಗಿಂತ ಹೆಚ್ಚಾಗಿ, ನಮ್ಮ ಹೆದ್ದಾರಿಯ ತಿರುವುಗಳು ಎಂಥವು ಅಂತ ನಿಮಗೇ ಗೊತ್ತು.

ಮುಖ್ಯ ವಿಷಯ: ಚೆನ್ನಾಗಿದೆ ಅಂತ ನಾಲ್ಕು ಕ್ಯಾನ್ ಚೀಲಕ್ಕೆ ಹಾಕಿಕೊಂಡು ಬರಬೇಡಿ. ಗೋವಾದ ಮದ್ಯ ಪರವಾನಗಿ ಇಲ್ಲದೆ ಕರ್ನಾಟಕಕ್ಕೆ ತರುವುದು ಅಪರಾಧ. ನಮ್ಮ ಚೆಕ್‌ಪೋಸ್ಟ್‌ನಲ್ಲಿ ಅಬಕಾರಿಯವರು ಚೀಲ ಬಿಚ್ಚಿಸಿ ನೋಡುತ್ತಾರೆ. ಅಲ್ಲೇ ಕುಡಿಯಿರಿ, ಅಲ್ಲೇ ಬಿಟ್ಟು ಬನ್ನಿ.

ಹೊಸಬ (ಭಟ್ಕಳ ರಸ್ತೆ):

ನನಗೆ ಕಹಿ ಸೇರುವುದಿಲ್ಲ. ಐಪಿಎ ಒಂದು ಸಲ ನೋಡಿ ಸಾಕಾಯಿತು. ನನ್ನಂಥವನಿಗೆ ಇದರಲ್ಲಿ ಏನಾದರೂ ಇದೆಯಾ? ಮತ್ತೆ ಮನೆಯಲ್ಲೇ ಚಿಕ್ಕ ಪ್ರಮಾಣದಲ್ಲಿ ಮಾಡಬಹುದಾ? ಯೂಟ್ಯೂಬ್‌ನಲ್ಲಿ ತುಂಬ ವಿಡಿಯೋ ಇವೆ.

ಅಂಕೋಲಾದವಳು:

ಇದೆ. ಐಪಿಎಯಿಂದ ಶುರು ಮಾಡಿದ್ದೇ ತೊಂದರೆ ಆಗಿದ್ದು. ಬ್ರೂವರಿಯಲ್ಲಿ ರುಚಿಯ ಟ್ರೇ ಕೇಳಿ, ನಾಲ್ಕೈದು ಚಿಕ್ಕ ಗ್ಲಾಸ್ ಬರುತ್ತದೆ. ತಿಳಿಬಣ್ಣದ್ದರಿಂದ ಕಪ್ಪಿಗೆ, ಕಹಿ ಕಡಿಮೆ ಇರುವುದರಿಂದ ಜಾಸ್ತಿಗೆ ಹೋಗಿ. ಮೊದಲೇ ಐಪಿಎ ಕುಡಿದರೆ ಆಮೇಲಿನ ಯಾವುದೂ ನಾಲಿಗೆಗೆ ಹತ್ತುವುದಿಲ್ಲ. ಟಾಯ್ಟ್‌ನಲ್ಲಿ ಬಾಸುಮತಿ ಬ್ಲಾಂಡ್ ಅಂತ ಅಕ್ಕಿ ಹಾಕಿದ್ದು ಮಾಡುತ್ತಿದ್ದರು, ನಿಮಗೆ ಅಂಥದ್ದು ಇಷ್ಟ ಆಗಬಹುದು. ಬೇಸಿಗೆಯಲ್ಲಿ ಮಾವಿನಹಣ್ಣಿನದೂ ಕೆಲವು ಕಡೆ ಬರುತ್ತದೆ.

ಗ್ಲಾಸ್ ತೀರಾ ತಣ್ಣಗಿದ್ದರೆ ಎರಡು ನಿಮಿಷ ಕೈಯಲ್ಲಿ ಹಿಡಿದು ಕೂರಿ. ಚಳಿಗೆ ಪರಿಮಳ ಏಳುವುದಿಲ್ಲ. ಜೊತೆಗೆ ತಿನ್ನಲು ತಗೊಳ್ಳಿ. ಕೊತ್ತಂಬರಿ, ಕಿತ್ತಳೆ ಹಾಕಿದ ವಿಟ್ (ಆ ಬೆಲ್ಜಿಯಂ ಬಗೆಯ ವೀಟ್ ಬಿಯರ್) ಜೊತೆ ಶೆಟ್ಲಿ (ಸಿಗಡಿ) ಹುರಿದದ್ದು ನಮ್ಮ ಕಡೆಯವರ ನಾಲಿಗೆಗೆ ತಕ್ಷಣ ಹಿಡಿಸುತ್ತದೆ. ಐರ್ಲೆಂಡಿನಲ್ಲಿ ಸ್ಟೌಟ್ ಜೊತೆ ಚಿಪ್ಪಿನ ಮಾಂಸ ತಿನ್ನುತ್ತಾರೆ. ಅಘನಾಶಿನಿ ನದಿಯ ಬಳಚು (ಚಿಪ್ಪಿ) ಸುಕ್ಕದ ಜೊತೆ ಒಮ್ಮೆ ನೋಡಬೇಕು ಅಂತ ನನಗೆ ಆಸೆ.

ಮಾಲ್ಟ್‌ಮನೆ:

ಮನೆಯಲ್ಲಿ ಮಾಡುವುದು ಬೇಡ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಸ್ವಂತಕ್ಕೆ, ಐದೇ ಲೀಟರ್ ಅಂದರೂ ರಿಯಾಯಿತಿ ಇಲ್ಲ. ಕೆಲಸ ಕಲಿಯುವ ಆಸೆ ಇದ್ದರೆ ಬ್ರೂವರಿಯಲ್ಲಿ ಒಂದು ದಿನ ಜೊತೆಗಿರಲು ಕೇಳಿಕೊಳ್ಳಿ. ತೊಳೆಯಲು ಬರುತ್ತೇನೆ ಅಂದವರಿಗೆ ನಾವು ಇಲ್ಲ ಅನ್ನುವುದಿಲ್ಲ. ಸಕ್ಕರೆ ಅಳೆಯುವ ಕೊಳವೆ ಹಿಡಿಯಲು ಕೊಡುತ್ತೇವೆ. ನೀರಿಗೆ ಹೋಲಿಸಿದ ಸಾಂದ್ರತೆ ಹುದುಗುವ ಮೊದಲು 1.048 ಇದ್ದಿದ್ದು 1.012ಕ್ಕೆ ಇಳಿದರೆ ಮದ್ಯ ಸುಮಾರು 4.7% ಅಂತ ಲೆಕ್ಕ ಹಾಕಲು ಕಲಿಯುತ್ತೀರಿ.

ಅಕ್ಕಿಯ ಮಾತು ಬಂತಲ್ಲ. ಅಕ್ಕಿಯನ್ನು ನೇರವಾಗಿ ಮಾಲ್ಟಿನ ಜೊತೆ ಹಾಕಲು ಬರುವುದಿಲ್ಲ. 65 ಡಿಗ್ರಿಗೆ ಅದು ಬೇಯುವುದಿಲ್ಲ, ಬೇರೆ ಬೇಯಿಸಿ ಸೇರಿಸಬೇಕು. ಅವಲಕ್ಕಿ ಆದರೆ ಆಗಲೇ ಬೆಂದಿರುತ್ತದೆ, ಹಾಗೇ ಸುರಿಯಬಹುದು. ನಮ್ಮ ಕುಮಟಾ ಕಡೆ ಗಜನಿಯಲ್ಲಿ (ಹಿನ್ನೀರಿನ ತಗ್ಗು ಗದ್ದೆ) ಬೆಳೆಯುವ ಕಗ್ಗ ಭತ್ತದ ಅವಲಕ್ಕಿ ಹಾಕಿ ಒಂದು ತೆಳು ಏಲ್ ಮಾಡಬೇಕು ಅನ್ನುವುದು ನನ್ನ ತಲೆಯಲ್ಲಿ ಬಹಳ ದಿನದಿಂದ ಇದೆ. ಉಪ್ಪುನೀರು ನುಗ್ಗಿದರೂ ತಡೆದು ಬೆಳೆಯುವ ಭತ್ತ ಅದು. ಬೆಳೆಯುವವರು ಕಡಿಮೆ ಆಗುತ್ತಿದ್ದಾರೆ. ಒಳ್ಳೆ ಬೆಲೆ ಕೊಟ್ಟು ಕೊಳ್ಳುವವರು ಇದ್ದರೆ ಗದ್ದೆಗೆ ಇಳಿಯಲು ಅವರಿಗೂ ಮನಸ್ಸು ಬರುತ್ತದೆ.

ಘಟ್ಟದಮೇಲೆ:

ಕಗ್ಗ ಆಗುತ್ತದೆ ಅಂದರೆ ಮುರುಗಲು (ಕೋಕಂ) ಯಾಕಾಗಬಾರದು? ಮಳೆ ಶುರುವಾಗುವ ಮೊದಲು ಕೊಯ್ದು, ಸಿಪ್ಪೆ ಒಣಗಿಸಿ ಇಟ್ಟುಕೊಂಡಿರುತ್ತೇವೆ. ಬೀಜದಿಂದ ತುಪ್ಪ ತೆಗೆಯುತ್ತೇವೆ. ಸಿಪ್ಪೆಗೆ ಎಷ್ಟೋ ವರ್ಷ ಸರಿಯಾದ ಬೆಲೆ ಸಿಗುವುದಿಲ್ಲ. ಆ ಬಣ್ಣ, ಆ ಹುಳಿ ಬಿಯರಿಗೆ ಹೊಂದುತ್ತದೆ ಅಂತ ನನಗೆ ಅನಿಸುತ್ತದೆ. ಹಡಗಿನವರು ಹುಳಿ ಬಿಯರ್ ಬಗ್ಗೆ ಬರೆದಾಗಿನಿಂದ ಇದೇ ಯೋಚನೆ.

ಮಾಲ್ಟ್‌ಮನೆ:

ಖಂಡಿತ ಆಗುತ್ತದೆ. ಲ್ಯಾಂಬಿಕ್ ನಮ್ಮ ಹವೆಯಲ್ಲಿ ಕಷ್ಟ. ಅದಕ್ಕಿಂತ ಗೋಸೆ ಅನ್ನುವ ಬಗೆ ಸರಿಹೋಗುತ್ತದೆ. ಜರ್ಮನಿಯ ಗೋಸ್ಲರ್ ಊರಿನದು, ಆಮೇಲೆ ಲೀಪ್‌ಝಿಗ್‌ನಲ್ಲಿ ಹೆಸರಾಯಿತು. ಗೋಧಿ ಮಾಲ್ಟ್, ಕೊತ್ತಂಬರಿ ಬೀಜ, ಉಪ್ಪು. ಹುಳಿ ಬರಿಸುವುದು ಮೊಸರಿನಲ್ಲಿರುವಂಥ ಬ್ಯಾಕ್ಟೀರಿಯಾ. ರಸವನ್ನು ಬೆಚ್ಚಗೆ ಒಂದೆರಡು ದಿನ ಇಟ್ಟು ಹುಳಿ ಹಿಡಿಸಿ, ಆಮೇಲೆ ಕುದಿಸಿ ಅದನ್ನು ನಿಲ್ಲಿಸಿ, ಯೀಸ್ಟ್ ಹಾಕುತ್ತೇವೆ. ಮುರುಗಲನ್ನು ಕೊನೆಯಲ್ಲಿ, ಹುದುಗು ಇಳಿದ ಮೇಲೆ ಸೇರಿಸಬೇಕು. ಕುದಿಸಿದರೆ ಪರಿಮಳ ಹೋಗುತ್ತದೆ. ಮುರುಗಲಿಗೆ ಅದರದೇ ಹುಳಿ ಇದೆ, ಹಾಗಾಗಿ ಮೊದಲಿನ ಹುಳಿಯನ್ನು ಸ್ವಲ್ಪ ಬೇಗ ನಿಲ್ಲಿಸಬೇಕು. ಉಪ್ಪು ಲೀಟರಿಗೆ 1 ಗ್ರಾಂ ಆಸುಪಾಸು. ಉಪ್ಪು ಅಂತ ಗೊತ್ತಾಗಬಾರದು, ಬಾಯಿ ತುಂಬಿದ ಹಾಗೆ ಅನಿಸಬೇಕು. ಗೋಧಿಗೆ ಹೊಟ್ಟು ಇರುವುದಿಲ್ಲ, ಸೋಸುವಾಗ ಕಟ್ಟಿಕೊಳ್ಳುತ್ತದೆ. ಅದಕ್ಕೆ ಒಂದಿಷ್ಟು ಭತ್ತದ ಉಮಿ ಬೆರೆಸುತ್ತೇವೆ.

ಕಾಳಿದಂಡೆ:

ಹಾಗಾದರೆ ಉಪ್ಪು ಸಾಣಿಕಟ್ಟಾದ್ದೇ ಆಗಲಿ. ಗೋಕರ್ಣದ ಪಕ್ಕದ ಆ ಆಗರಗಳಲ್ಲಿ ಇವತ್ತಿಗೂ ಬಿಸಿಲಿಗೆ ಒಣಗಿಸಿ ಹರಳುಪ್ಪು ತೆಗೆಯುತ್ತಾರೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಜಿಲ್ಲೆ ನಮ್ಮದು. ಮುಂದಿನ ಭೇಟಿಗೆ ಆಗರವನ್ನೂ ಸೇರಿಸೋಣ. ಬೆಳಿಗ್ಗೆ ಬೇಗ ಹೋದರೆ ಉಪ್ಪು ಎಳೆಯುವುದನ್ನು ನೋಡಬಹುದು. ಬೇಸಿಗೆ ಮುಗಿಯುವುದರೊಳಗೆ ಹೋಗಬೇಕು, ಮಳೆ ಬಿದ್ದರೆ ಕೆಲಸ ನಿಲ್ಲುತ್ತದೆ. ಮಾಸ್ತರ್ರೆ, ಇದಕ್ಕಾದರೂ ನೀವು ಬರಬೇಕು.

ನಿವೃತ್ತ ಮಾಸ್ತರ:

ಆಗರಕ್ಕೆ ಬರುತ್ತೇನೆ. ಸತ್ಯಾಗ್ರಹದ ಕತೆ ನನಗೆ ನನ್ನ ತಂದೆ ಹೇಳಿದ್ದು ಇದೆ, ಅಲ್ಲೇ ಹೇಳುತ್ತೇನೆ.

ಮಾಲ್ಟ್‌ಮನೆ:

ನಮ್ಮ ಮುಖ್ಯ ಬ್ರೂವರ್ ಹತ್ತಿರ ಮಾತಾಡಿದೆ. ಚಿಕ್ಕ ಟ್ಯಾಂಕಿನಲ್ಲಿ ಒಂದು ಸಲ ಮಾಡಿ ನೋಡಲು ಒಪ್ಪಿದ್ದಾರೆ. ಅಯೋಡಿನ್ ಬೆರೆಸದ ಹರಳುಪ್ಪೇ ಬೇಕು, ಕಾಳಿದಂಡೆ ಅಣ್ಣ ಅದನ್ನು ನೋಡಿಕೊಳ್ಳಿ. ಘಟ್ಟದಮೇಲೆ ಅವರೇ, ಮುರುಗಲು ಸಿಪ್ಪೆ ಬೀಜ ತೆಗೆದು, ಉಪ್ಪು ಹಾಕದೆ ಒಣಗಿಸಿದ್ದು ಬೇಕು. ಸಾರು ಮಾಡಲು ಇಡುವ, ಉಪ್ಪು ಹಾಕಿದ ಸಿಪ್ಪೆ ಆಗುವುದಿಲ್ಲ, ಅಳತೆ ತಪ್ಪುತ್ತದೆ. ಹೊಗೆ ಅಟ್ಟದ ಮೇಲೆ ಒಣಗಿಸಿದ್ದೂ ಬೇಡ, ಬಿಸಿಲಿನದೇ ಆಗಲಿ. ದುಡ್ಡು ಮಾರುಕಟ್ಟೆ ದರಕ್ಕಿಂತ ಮೇಲೆ ಕೊಡುತ್ತೇವೆ.

ಘಟ್ಟದಮೇಲೆ:

ಉಪ್ಪಿಲ್ಲದ್ದು, ಬಿಸಿಲಿಗೆ ಒಣಗಿಸಿದ್ದು ಐದಾರು ಕೆಜಿ ಮನೆಯಲ್ಲಿದೆ. ಜಾಸ್ತಿ ಬೇಕಾದರೆ ಪಕ್ಕದ ಮನೆಯಲ್ಲೂ ಕೇಳುತ್ತೇನೆ. ಸೋಮವಾರದ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕುತ್ತೇನೆ, ವಿಳಾಸ ಖಾಸಗಿಯಾಗಿ ಕಳಿಸಿ.